ವಿಂಡೋಸ್ ತೆಗೆದ ಮೇಲೂ ಐಜಿಐ ಓಡಿತು

ರಾಯಚೂರಿನ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯೋದು ನನ್ನ ಕೆಲಸ. ಅಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ದುಡಿದ ಲ್ಯಾಪ್‌ಟಾಪ್ ಒಂದಿತ್ತು. ಮೂರನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಒಳಗಿರುವ ಇಂಟೆಲ್ ಎಚ್‌ಡಿ 4000 ಅಷ್ಟೇ. ಅಂಗಡಿಗೆ ಹೊಸದು ಬಂದಾಗ ಸಾಹುಕಾರರು ಇದನ್ನು ನನಗೇ ಕೊಟ್ಟರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಾದರೂ ಬೇಕು. ಚೆನ್ನಾಗಿ ನಡೆಯುತ್ತಿದ್ದ ಮಷೀನನ್ನು ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ. ಸಿ ಡ್ರೈವ್ ಅಳಿಸಿ ವಿಂಡೋಸ್ ಬದಲಿಗೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 13 ಹಾಕಿದೆ. ಹಳೇ ಫೋಟೋ, ಫೈಲು ಇದ್ದ ಡಿ ಡ್ರೈವನ್ನು ಹಾಗೇ ಬಿಟ್ಟೆ.

ದೀಪಾವಳಿಗೆ ಮಾನ್ವಿಯಿಂದ ಅಕ್ಕನ ಮಗ ಬಂದ. ಪಿಯುಸಿ ಹುಡುಗ. ಲ್ಯಾಪ್‌ಟಾಪ್ ತೆಗೆದು ನೋಡಿದವನೇ, "ಮಾಮಾ, ಇದ್ರಾಗ ಗೇಮ್ ಆಡಾಕ ಬರ್ತದೇನು?" ಅಂದ. ಬರ್ತದೆ ಅಂತ ಕೇಳಿದ್ದೆ, ಮಾಡಿ ನೋಡಿರಲಿಲ್ಲ. ಮೊದಲು ನನ್ನ ಆಟದಿಂದಲೇ ಶುರು ಮಾಡೋಣ ಅಂದೆ.

ನನ್ನ ಆಟ ಅಂದರೆ ಪ್ರಾಜೆಕ್ಟ್ ಐಜಿಐ. 2000ದಲ್ಲಿ ಬಂದ, ಗುಂಡು ಹಾರಿಸುವ ಆಟ. ಸ್ಟೇಷನ್ ರೋಡ್ ಕಡೆ ಇಂಟರ್‌ನೆಟ್ ಸೆಂಟರ್‌ನಲ್ಲಿ ಗಂಟೆಗೆ ದುಡ್ಡು ಕೊಟ್ಟು ಆಡುತ್ತಿದ್ದೆ. ಮಿಷನ್ ನಡುವೆ ಸೇವ್ ಮಾಡೋಕೆ ಬರಲ್ಲ, ಸತ್ತರೆ ಮತ್ತೆ ಮೊದಲಿಂದ. ಎಷ್ಟೋ ಸಲ ಗಂಟೆ ಮುಗಿಯುತ್ತಿತ್ತು, ಮಿಷನ್ ಮುಗಿಯುತ್ತಿರಲಿಲ್ಲ. ಈಗ ಆ ಆಟ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ. ದುಡ್ಡು ಕೊಟ್ಟೇ ತಗೊಂಡೆ. ಸಿಡಿ ಬೇಕಿಲ್ಲ, ಬೀಗ ಒಡೆಯೋ ಕಳ್ಳ ಫೈಲಿನ ಗೋಜಿಲ್ಲ. ಒಂದು ಸೆಟಪ್ ಫೈಲ್ ಬರುತ್ತದೆ, ಅಷ್ಟೇ.

ಇದನ್ನು ಓಡಿಸುವುದು ವೈನ್ ಎಂಬ ಸಾಫ್ಟ್‌ವೇರ್. ಅದು ಏನು ಮಾಡುತ್ತದೆ ಅಂತ ನನಗೆ ತಿಳಿದದ್ದು ಗಂಜ್ ನೆನಪಾದಾಗ. ಗದ್ವಾಲ ಕಡೆಯಿಂದ ಹತ್ತಿ ತರುವ ರೈತ ತೆಲುಗು ಮಾತಾಡುತ್ತಾನೆ. ಖರೀದಿದಾರನಿಗೆ ತೆಲುಗು ಬರಲ್ಲ. ನಡುವೆ ನಿಂತವನು ಅವನ ಮಾತು ಇವನಿಗೆ, ಇವನ ಮಾತು ಅವನಿಗೆ ದಾಟಿಸುತ್ತಾನೆ. ಹತ್ತಿ ಅದೇ, ತೂಕ ಅದೇ. ವೈನ್ ಕೂಡ ಹೀಗೇ. ಆಟವು "ಈ ಫೈಲ್ ತೆರೆ, ಈ ಚಿತ್ರ ಬರಿ" ಅಂತ ವಿಂಡೋಸ್ ಮಾತಿನಲ್ಲಿ ಕೇಳುತ್ತದೆ. ವೈನ್ ಅದನ್ನು ಲಿನಕ್ಸ್ ಮಾತಿಗೆ ತಿರುಗಿಸುತ್ತದೆ. ಲೆಕ್ಕ ಮಾಡುವ ಪ್ರೊಸೆಸರ್ ಮಾತ್ರ ಅದೇ ಇಂಟೆಲ್. ಇಡೀ ಕಂಪ್ಯೂಟರನ್ನು ನಕಲು ಮಾಡುವ ಎಮ್ಯುಲೇಟರ್ ಅಲ್ಲ ಇದು, ಅದಕ್ಕೇ ಹಳೇ ಮಷೀನಿಗೂ ಭಾರ ಆಗಲ್ಲ. 1993ರಲ್ಲಿ ಶುರುವಾದ ಕೆಲಸ. 1.0 ಅಂತ ಹೇಳಿಕೊಳ್ಳುವ ಹೊತ್ತಿಗೆ 2008 ಆಗಿತ್ತು. ಹದಿನೈದು ವರ್ಷ ಕೂತು ಮಾಡಿದವರ ತಾಳ್ಮೆಗೆ ನಾನು ನಿಜವಾಗಿಯೂ ಋಣಿ.

ಮೊದಲ ಸಲ ಓಡಿಸಿದಾಗ, ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ "ವೈನ್32 ಇಲ್ಲ" ಅಂತ ಬಂತು. ಐಜಿಐ 32 ಬಿಟ್‌ನ ಕಾಲದ ಆಟ, ನಾನು ಹಾಕಿದ್ದು 64 ಬಿಟ್ ಡೆಬಿಯನ್. ಆ ಸಂದೇಶದಲ್ಲೇ ಏನು ಮಾಡಬೇಕು ಅಂತ ಪೂರ್ತಿ ಬರೆದಿರುತ್ತದೆ: ಐ386 ಎಂಬ ಇನ್ನೊಂದು ಆರ್ಕಿಟೆಕ್ಚರನ್ನು (32 ಬಿಟ್ ಪ್ರೊಸೆಸರ್ ಬಗೆ) ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಹಾಕುವ ಡಿಪಿಕೆಜಿಗೆ ಸೇರಿಸು, ಪಟ್ಟಿ ಅಪ್‌ಡೇಟ್ ಮಾಡು, ವೈನ್32 ಹಾಕು. ಹಾಗೇ ಮಾಡಿದೆ. ಹೊಸಬರು ಇಲ್ಲಿ ಎಡವುವುದು ಜಾಸ್ತಿ. ಕೆಂಪು ಅಕ್ಷರ ಕಂಡ ಕೂಡಲೇ ಕಿಟಕಿ ಮುಚ್ಚಬೇಡಿ, ಓದಿ.

ಆಮೇಲೆ ಆಟ ತೆರೆಯಿತು, ಆದರೆ ಎಲ್ಲರೂ ಕುಳ್ಳಗೆ, ದಪ್ಪಗೆ. ಹಳೇ ಆಟದ ಚೌಕ ಚಿತ್ರವನ್ನು ಅಗಲ ಪರದೆಗೆ ಎಳೆದಿತ್ತು. ವೈನ್‌ನ ಸೆಟ್ಟಿಂಗ್ ಕಿಟಕಿಯಾದ ವೈನ್‌ಸಿಎಫ್‌ಜಿ ತೆರೆದು, ಗ್ರಾಫಿಕ್ಸ್ ಭಾಗದಲ್ಲಿ ವರ್ಚುವಲ್ ಡೆಸ್ಕ್‌ಟಾಪ್‌ಗೆ ಟಿಕ್ ಹಾಕಿ, 1024 ಮತ್ತು 768 ಅಂತ ಬರೆದೆ. ಆಟದೊಳಗೂ ಅದೇ ಅಳತೆ ಇಟ್ಟೆ. ಸರಿಯಾಯಿತು. ಮೊದಲ ಮಿಷನ್‌ನ ರೈಲ್ವೆ ಯಾರ್ಡ್ ಕಂಡಾಗ ಆದ ಖುಷಿ ಹೇಳೋಕಾಗಲ್ಲ. ಅಳಿಯ ನನ್ನ ಮುಖ ನೋಡುತ್ತಾ ಕೂತಿದ್ದ.

ಅವನ ಆಟ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಫ್ಲಾಟ್‌ಔಟ್ 2, 2006ರ ಕಾರ್ ರೇಸು. ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ತಗೊಂಡಿದ್ದ. ಸ್ಟೀಮ್‌ನೊಳಗೆ ವಿಂಡೋಸ್ ಆಟ ಓಡಿಸಲು ಪ್ರೋಟಾನ್ ಇದೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಬಿಟ್ಟದ್ದು. ವೈನ್‌ಗೇ ಇನ್ನಷ್ಟು ಸೇರಿಸಿ ಕಟ್ಟಿದ್ದಾರೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಮೂರು ದಿನ ಇಳಿಸಿದೆವು. ಜಾಗ ಇದ್ದದ್ದು ಡಿ ಡ್ರೈವ್‌ನಲ್ಲಿ, ಅಲ್ಲೇ ಇಳಿಸಿದೆವು. ಪ್ಲೇ ಒತ್ತಿದರೆ ಗುಂಡಿ ಒಂದು ಕ್ಷಣ ಸ್ಟಾಪ್ ಅಂತ ಆಗಿ, ಮತ್ತೆ ಪ್ಲೇ ಆಗುತ್ತಿತ್ತು. ಕಿಟಕಿ ಇಲ್ಲ, ತಪ್ಪು ಅಂತ ಒಂದು ಮಾತೂ ಇಲ್ಲ.

ಇಡೀ ಒಂದು ಸಂಜೆ ಇದರ ಹಿಂದೆ ಹೋಯಿತು. ಡಿ ಡ್ರೈವ್ ಇನ್ನೂ ಎನ್‌ಟಿಎಫ್‌ಎಸ್‌ನಲ್ಲೇ ಇತ್ತು, ಅಂದರೆ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡಲು ವಿಂಡೋಸ್ ಬಳಸುವ ಪದ್ಧತಿ. ಪ್ರೋಟಾನ್ ಪ್ರತಿ ಆಟಕ್ಕೂ ಕಾಂಪ್ಯಾಟ್‌ಡೇಟಾ ಎಂಬ ಫೋಲ್ಡರಿನಲ್ಲಿ ಒಂದು ಸಣ್ಣ ವಿಂಡೋಸ್ ಮನೆ ಕಟ್ಟುತ್ತದೆ. ಆ ಮನೆಯ ಸಿ ಡ್ರೈವ್‌ಗೆ ತೋರಿಸುವ ಕೊಂಡಿಗೆ "ಸಿ" ಮತ್ತು ಎರಡು ಚುಕ್ಕೆಯ ಕೋಲನ್ ಅಂತಲೇ ಹೆಸರು. ವಿಂಡೋಸ್ ನಿಯಮದ ಪ್ರಕಾರ ಫೈಲ್ ಹೆಸರಲ್ಲಿ ಕೋಲನ್ ಇರುವಂತಿಲ್ಲ. ಹಾಗಾಗಿ ಮನೆ ಕಟ್ಟೋದು ಬುನಾದಿಯಲ್ಲೇ ನಿಲ್ಲುತ್ತಿತ್ತು. ಮತ್ತೆ ಮೂರು ದಿನ ಇಳಿಸುವ ಶಕ್ತಿ ಇರಲಿಲ್ಲ. ಕಾಂಪ್ಯಾಟ್‌ಡೇಟಾ ಫೋಲ್ಡರನ್ನು ನನ್ನ ಹೋಮ್‌ನಲ್ಲಿ ಮಾಡಿ, ಡಿ ಡ್ರೈವ್‌ನ ಸ್ಟೀಮ್‌ಆ್ಯಪ್ಸ್‌ ಒಳಗಿಂದ ಅದಕ್ಕೆ ಒಂದು ಸಿಂಬಾಲಿಕ್ ಲಿಂಕ್, ಅಂದರೆ ದಾರಿ ತೋರಿಸುವ ಕೊಂಡಿ, ಕೊಟ್ಟೆ. ಆಟ ಡಿಯಲ್ಲೇ ಉಳಿಯಿತು, ಮನೆ ಮಾತ್ರ ಲಿನಕ್ಸ್ ನೆಲಕ್ಕೆ ಬಂತು. ಹೊಸದಾಗಿ ಶುರು ಮಾಡುವವರು ಆಟಗಳನ್ನು ಮೊದಲೇ ಲಿನಕ್ಸ್ ಪಾರ್ಟಿಷನ್‌ನಲ್ಲಿ ಇಡಿ, ಈ ಸರ್ಕಸ್ಸೇ ಬೇಡ.

ಅಷ್ಟಾದ ಮೇಲೆ ಇನ್ನೊಂದು ತಕರಾರು: "ಡಿಎಕ್ಸ್‌ವಿಕೆ, ಅಡಾಪ್ಟರ್ ಸಿಗಲಿಲ್ಲ." ಅಡಾಪ್ಟರ್ ಅಂದರೆ ಇಲ್ಲಿ ಗ್ರಾಫಿಕ್ಸ್ ಚಿಪ್. ವಿಂಡೋಸ್ ಆಟಗಳು ಚಿತ್ರ ಬರೆಸುವ ಡೈರೆಕ್ಟ್‌3ಡಿ ಮಾತನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಮಾತಿಗೆ ತಿರುಗಿಸುವುದು ಡಿಎಕ್ಸ್‌ವಿಕೆ. ಹೊಸ ಮಷೀನಿನಲ್ಲಿ ವೇಗಕ್ಕೆ ಅದೇ ಕಾರಣ. ಆದರೆ 2022ರಲ್ಲಿ ಬಂದ 2.0ರಿಂದ ಅದಕ್ಕೆ ವಲ್ಕನ್ 1.3 ಬೇಕು. ನನ್ನ ಎಚ್‌ಡಿ 4000ಕ್ಕೆ ವಲ್ಕನ್ ಬೆಂಬಲವೇ ಅರ್ಧಂಬರ್ಧ, ಡ್ರೈವರೇ ಹಾಗಂತ ಎಚ್ಚರಿಸುತ್ತದೆ. ಐಜಿಐಗೆ ಈ ತೊಂದರೆ ಬರಲಿಲ್ಲ, ಏಕೆಂದರೆ ಅಷ್ಟು ಹಳೇ ಡೈರೆಕ್ಟ್‌3ಡಿಯನ್ನು ವೈನ್ ತಾನೇ ಓಪನ್‌ಜಿಎಲ್ ಎಂಬ ಇನ್ನೊಂದು ಚಿತ್ರದ ಮಾತಿಗೆ ತಿರುಗಿಸುತ್ತದೆ. ಓಪನ್‌ಜಿಎಲ್ ಈ ಚಿಪ್‌ಗೆ ಚೆನ್ನಾಗಿ ಬರುತ್ತದೆ. ಹಾಗಾದರೆ ಫ್ಲಾಟ್‌ಔಟನ್ನೂ ಅದೇ ದಾರಿಗೆ ಹಚ್ಚಿದರಾಯಿತು, ಅಲ್ವಾ? ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್, ಅಲ್ಲಿ ಲಾಂಚ್ ಆಪ್ಷನ್ಸ್. ಅದರಲ್ಲಿ ಪ್ರೋಟಾನ್_ಯೂಸ್_ವೈನ್‌ಡಿ3ಡಿ=1 ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ಎರಡು ಪರ್ಸೆಂಟ್ ಗುರುತಿನ ನಡುವೆ ಸಣ್ಣಕ್ಷರದಲ್ಲಿ ಕಮಾಂಡ್ ಅಂತ ಹಾಕಿದೆ. ಕಾರು ಸ್ಟಾರ್ಟ್ ಆಯಿತು! ಅಳಿಯ ಕೂಗಿದ ಕೂಗಿಗೆ ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.

ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ತೊದಲೋಕೆ ಶುರು ಮಾಡಿತು. ಪ್ರೋಟಾನ್‌ನ ಬೇರೆ ಬೇರೆ ಆವೃತ್ತಿ ಹಾಕಿ ನೋಡಿದೆ, ಏನೂ ಆಗಲಿಲ್ಲ. ಸುಮ್ನೆ ಬಿಸಿ ಎಷ್ಟು ಅಂತ ತೋರಿಸುವ ಸೆನ್ಸರ್ಸ್ ಕಮಾಂಡ್ ಕೊಟ್ಟು ನೋಡಿದರೆ ಪ್ರೊಸೆಸರ್ 96 ಡಿಗ್ರಿ. ಹಿಂದಿನ ಮುಚ್ಚಳ ಬಿಚ್ಚಿದೆ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಒಂದು ಪದರ ಕೂತಿತ್ತು. ಚಿಮುಟದಿಂದ ಎಳೆದರೆ ಕಂಬಳಿ ತುಂಡಿನ ಹಾಗೆ ಒಂದೇ ಸಮನೆ ಬಂತು. ಗಂಜ್‌ನ ಹತ್ತಿ! ಪ್ರತಿ ಸುಗ್ಗಿಯಲ್ಲೂ ಅಂಗಡಿ ತುಂಬ ಹಾರಾಡುವ ಎಳೆಗಳು ಅಷ್ಟು ವರ್ಷ ಅಲ್ಲಿ ಒತ್ತಿಕೊಂಡು ಕೂತಿದ್ದವು. ಬ್ರಷ್‌ನಿಂದ ಉಳಿದದ್ದು ತೆಗೆದು, ಒಣಗಿ ಹೋದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಮರುದಿನ ಒಂದು ಗಂಟೆ ಆಡಿದರೂ 75 ದಾಟಲಿಲ್ಲ. ನಮ್ಮ ಕಡೆ ಗಿರಣಿ, ಜಿನ್ನಿಂಗ್, ಅಡತಿಯಲ್ಲಿದ್ದ ಮಷೀನ್ ತಗೊಂಡರೆ ಸಾಫ್ಟ್‌ವೇರ್ ಮುಟ್ಟುವ ಮುಂಚೆ ಫ್ಯಾನ್ ನೋಡಿ.

ಅಳಿಯ ವ್ಯಾಲೊರಂಟ್ ಎಂಬ ಆಟ ಕೇಳಿದ. ಅದು ಬರಲ್ಲ. ಮೋಸ ಹಿಡಿಯುವ ಅದರ ಸಾಫ್ಟ್‌ವೇರ್ ವಿಂಡೋಸ್‌ನ ಕರ್ನಲ್, ಅಂದರೆ ತಿರುಳಿನ ಒಳಗೇ ಕೂರುತ್ತದೆ. ವೈನ್‌ನಲ್ಲಿ ಆ ಕರ್ನಲ್ಲೇ ಇಲ್ಲ. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎಂಬ ಬೇರೆ ಮೋಸ ಹಿಡಿಯುವ ಸಾಫ್ಟ್‌ವೇರ್ ಇರುವ ಆಟಗಳಾದರೆ, ಆಟ ಮಾಡಿದವರು ಪ್ರೋಟಾನ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಓಡುತ್ತವೆ. ಕೊಳ್ಳುವ ಮುಂಚೆ ವಿಚಾರಿಸಿ.

ಇನ್ನೊಂದು ಹೇಳಲೇಬೇಕು. ನಾನು ಪ್ರತಿ ಆಟಕ್ಕೂ ಬೇರೆ ವೈನ್‌ಪ್ರಿಫಿಕ್ಸ್, ಅಂದರೆ ಮೇಲೆ ಹೇಳಿದಂಥ ಸಣ್ಣ ವಿಂಡೋಸ್ ಮನೆ, ಇಡುತ್ತೇನೆ. ಒಂದು ಕೆಟ್ಟರೆ ಇನ್ನೊಂದಕ್ಕೆ ತಗಲಲ್ಲ. ಕೆಟ್ಟದ್ದನ್ನು ಅಳಿಸಿ ಹೊಸದಾಗಿ ಕಟ್ಟುವುದೂ ಸುಲಭ. ಹೀಗೇ ಒಂದು ರಾತ್ರಿ ಐಜಿಐ ಸೌಂಡ್ ಸರಿ ಮಾಡಲು ಹೋಗಿ ಅದರ ಪ್ರಿಫಿಕ್ಸ್ ಅಳಿಸಿದೆ. ಆಟದ ಫೋಲ್ಡರ್ ಅದರೊಳಗೇ ಇತ್ತು, ನಾನು ಮುಗಿಸಿದ ಐದು ಮಿಷನ್‌ಗಳ ಲೆಕ್ಕವೂ ಅದರೊಳಗೇ. ಎಲ್ಲಾ ಹೋಯಿತು. ಒಟ್ಟು ಹದಿನಾಲ್ಕರಲ್ಲಿ ಐದು ಅಂದರೆ ಕಡಿಮೆಯೇನಲ್ಲ, ತುಂಬಾ ಬೇಜಾರಾಯಿತು. ಈಗ ಮಲಗುವ ಮುಂಚೆ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಮತ್ತೆ ನಾಲ್ಕನೇ ಮಿಷನ್‌ವರೆಗೆ ಬಂದಿದ್ದೇನೆ. ಅಳಿಯ ತನ್ನ ಗೆಳೆಯನ ಹಳೇ ಲ್ಯಾಪ್‌ಟಾಪ್ ಒಂದನ್ನು ತರುತ್ತಾನಂತೆ. ಅದು ಎಣ್ಣೆ ಗಿರಣಿಯಲ್ಲಿ ಇದ್ದದ್ದು. ಸ್ಕ್ರೂಡ್ರೈವರ್, ಬ್ರಷ್ ತೆಗೆದಿಟ್ಟಿದ್ದೇನೆ.