ಬೆಡ್ ನಂಬರ್ ಬಿಡಿಸಿದ್ದು ಹಿಂಗ

ವಿಜಯಪುರದ ಒಂದು ವೃದ್ಧಾಶ್ರಮದಾಗ ನಾನು ನರ್ಸ್. ಸಿಬ್ಬಂದಿ ಅಜ್ಜ-ಅಜ್ಜಿಯರನ್ನ ಬೆಡ್ ನಂಬರ್ ಅನ್ನೂದು ಬಿಟ್ಟು ಮನಷ್ಯಾರಂಗ ನೋಡ್ಬೇಕಂದ್ರ ಭಾಷಣ ಮಾಡಬ್ಯಾಡ್ರಿ, ನಾ ಮಾಡಿ ಸೋತೀನಿ.

ಮೊದಲು ಆಯಾಗಳನ್ನ ಮಂಚದ ಮ್ಯಾಲೆ ದಿಂಬಿಗೆ ಒರಗಿಸಿ ಕೂಡಸ್ರಿ. ಕೈ ಎತ್ತಂಗಿಲ್ಲ, ಇನ್ನೊಬ್ರು ನಿಂತ್ಕೊಂಡು ಚಮಚದಿಂದ ನುಚ್ಚು ಉಣಸಬೇಕು. ಮೂರನೇ ಚಮಚಕ್ಕ ಒಬ್ಬಾಕಿ, "ಅಕ್ಕಾರ, ನುಂಗಾಕರ ಬಿಡ್ರಿ" ಅಂದ್ಲು. ಅವತ್ತಿಂದ ಆಕಿ ಪಕ್ಕದಾಗ ಕುಂತು ಉಣಸ್ತಾಳ.

ಡ್ಯೂಟಿ ಬದಲಾಗೂ ಹೊತ್ತಿಗೆ ಬಿಪಿ, ಶುಗರ್ ಜೊತಿಗೆ ಆ ಮನಷ್ಯಾಂದೂ ಒಂದು ಸುದ್ದಿ ಹೇಳಸ್ರಿ. "ನಾಕನೇ ಬೆಡ್ ಹಟ ಮಾಡ್ತದ" ಅನ್ನೂದು ಹೋಗಿ, "ಅಜ್ಜಾರು ನಸುಕಿನ್ಯಾಗ ಹೊಲಕ್ಕ ಹೋಗಿ ರೂಢಿ, ಅದಕ್ಕ 4ಕ್ಕ ಏಳ್ತಾರ" ಅಂತ ಬಂತು. ನಿದ್ದಿ ಗುಳಿಗಿ ಕೇಳೂದು ಬಿಟ್ಟು ಚಾ ಕೊಟ್ವಿ.

ಹಾಸಿಗಿ ಹಿಡದವ್ರಿಗೆ ಸಾಮಾನ್ಯವಾಗಿ 2 ತಾಸಿಗೊಮ್ಮೆ ಮಗ್ಗಲಾ ಬದಲಿಸ್ಬೇಕು, ಇಲ್ಲಂದ್ರ ಬೆನ್ನಿಗೆ ಹುಣ್ಣು. ಮರತ್ರ ಎಲ್ಲಾರ ಮುಂದ ಬೈಬ್ಯಾಡ್ರಿ. ಬೈಸ್ಕೊಂಡಾಕಿ ಆ ಸಿಟ್ಟು ಅಜ್ಜಿ ಮ್ಯಾಲೆ ತೀರಸ್ತಾಳ. ರಾತ್ರಿ ಒಬ್ಬಾಕಿಗೇ 20 ಮಂದಿ ಒಪ್ಪಿಸಿ ಪ್ರೀತಿ ಕೇಳೂದು ನ್ಯಾಯನೂ ಅಲ್ಲ, ಇದನ್ನ ಆಡಳಿತದವ್ರಿಗೆ ಹೇಳ್ರಿ.

ಕೈ ಮಾಡಿದ್ದು ಕಂಡ್ರ ಮಾತ್ರ ಮುಚ್ಚಿಡಬ್ಯಾಡ್ರಿ. ಹಿರಿಯರ ಸಹಾಯವಾಣಿ 14567 ನಮ್ಮ ಅಡಗಿಮನಿ ಬಾಗಲಿಗೇ ಅಂಟಿಸೇವಿ.