ಹಸಿರು ಟ್ಯೂಬ್ ಇಲ್ಲದೆ ಮಲೆನಾಡಿನ ಹಸಿರು: ನನ್ನ ಅನುಭವ

ಹಸಿರು ಬಣ್ಣದ ಟ್ಯೂಬ್ ಮುಟ್ಟದೆ ತೀರ್ಥಹಳ್ಳಿ ಕಡೆಯ ಮಳೆಗಾಲವನ್ನು ಜಲವರ್ಣದಲ್ಲಿ ಬಿಡಿಸುತ್ತೇನೆ ಅಂದಾಗ ಜೊತೆಯ ಕಲಾವಿದರು ಯಾರೂ ನಂಬಲಿಲ್ಲ. ಭತ್ತದ ಸಸಿಮಡಿ ಹೊಳೆಯಬೇಕು, ಬೆರೆಸಿದ ಹಸಿರು ಕೆಸರಾಗುತ್ತೆ ಅಂದವರೇ ಜಾಸ್ತಿ. ಕಳೆದ ಮಳೆಗಾಲದ ಚಿತ್ರಗಳನ್ನು ನೋಡಿ ಅವರೇ "ಇದು ಯಾವ ಕಂಪನಿ ಹಸಿರು?" ಎಂದು ಕೇಳಿದರು. ನನ್ನ ಡಬ್ಬಿಯಲ್ಲಿರುವುದು ಆರೇ ಟ್ಯೂಬ್, ಒಂದೂ ಹಸಿರಲ್ಲ.

ನಿಂಬೆ ಹಳದಿ (ಪಿವೈ 3), ಬೆಚ್ಚನೆ ಹಳದಿ (ಪಿವೈ 65), ಅಲ್ಟ್ರಾಮರೀನ್ ನೀಲಿ (ಪಿಬಿ 29), ಥ್ಯಾಲೋ ನೀಲಿ (ಪಿಬಿ 15:3), ಮಜೆಂಟಾ ಕೆಂಪು (ಪಿಆರ್ 122), ಕೆಂಗಂದಿನ ಬರ್ನ್ಟ್ ಸಿಯೆನ್ನಾ. ಟ್ಯೂಬಿನ ಮುಂದಿರುವ ಹೆಸರು ನಂಬಬೇಡಿ, ಹಿಂದೆ ಪಿವೈ, ಪಿಬಿ ಎಂದಿರುವ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಕೋಡ್ ನೋಡಿ. ಸ್ಯಾಪ್ ಗ್ರೀನ್ ಅಂತ ಮಾರುವುದು ಬಹುತೇಕ ಎರಡು ಮೂರು ಪಿಗ್ಮೆಂಟಿನ ಮಿಶ್ರಣ. ಅದರ ತೀವ್ರತೆ ತಗ್ಗಿಸಲು ಇನ್ನೊಂದು ಮಿಶ್ರಣದ ಕಂದು ಹಾಕಿದರೆ ಒಂದೇ ವಾಶ್‌ನಲ್ಲಿ (ನೀರು ಬೆರೆಸಿ ಹರಡುವ ತೆಳು ಬಣ್ಣದಲ್ಲಿ) ಐದು ಪಿಗ್ಮೆಂಟ್ ಸೇರುತ್ತವೆ, ಅಲ್ಲಿಗೆ ಕೆಸರು. ಹೀಗೆ ಹಾಳಾದ ಹತ್ತಿ ಕಾಗದಕ್ಕೆ ಶೀಟಿಗೆ ಸುಮಾರು 300 ರೂಪಾಯಿ, ಮೊದಲೆರಡು ವರ್ಷ ಅದಕ್ಕೇ ಹದಿನೈದು ಸಾವಿರದ ಹತ್ತಿರ ಹೋಗಿರಬೇಕು.

ಅಲ್ಟ್ರಾಮರೀನ್‌ಗೆ ಬೆಚ್ಚನೆ ಹಳದಿ ಸೇರಿಸಿದರೆ ಎರಡೂ ಕೆಂಪಿನ ಕಡೆ ವಾಲಿರುವುದರಿಂದ ಹಸಿರು ತಾನಾಗಿಯೇ ಮಂಕಾಗುತ್ತದೆ. ಸಸಿಮಡಿಗೆ ಅದು ಆಗಲ್ಲ, ಅಡಿಕೆ ತೋಟದ ಒಳಗಿನ ನೆರಳಿಗೆ ಹೇಳಿ ಮಾಡಿಸಿದ್ದು. ಸಸಿಮಡಿಗೆ ನಿಂಬೆ ಹಳದಿ ಮತ್ತು ಥ್ಯಾಲೋ. ಹಳದಿಗೆ ನೀಲಿ ಹಾಕಿ, ನೀಲಿಗೆ ಹಳದಿ ಬೇಡ. ಥ್ಯಾಲೋ ಎಷ್ಟು ಜೋರು ಎಂದರೆ ಬ್ರಶ್ ತುದಿಯಷ್ಟು ಜಾಸ್ತಿಯಾದರೂ ಅದನ್ನು ಸರಿದೂಗಿಸಲು ಅರ್ಧ ಟ್ಯೂಬ್ ಹಳದಿ ಖಾಲಿ. ಹಸಿರನ್ನು ತಗ್ಗಿಸಲು ಕಪ್ಪು ಬಳಸುವುದಿಲ್ಲ, ಚೂರು ಮಜೆಂಟಾ ಸಾಕು. ಕಪ್ಪು ನನಗೆ ಆಗದ್ದೇನಲ್ಲ, ಐವರಿ ಬ್ಲ್ಯಾಕ್‌ಗೆ ನಿಂಬೆ ಹಳದಿ ಸೇರಿಸಿದರೆ ಬರುವ ಪಾಚಿ ಹಸಿರು ಚೆನ್ನಾಗಿಯೇ ಇರುತ್ತದೆ, ಆದರೆ ಒಣಗಿದ ಮೇಲೆ ಚಪ್ಪಟೆ.

ಕಲಿಯುವವರು ಸಿಕ್ಕಿಬೀಳುವುದು ಇನ್ನೊಂದು ಕಡೆ. "ಬ್ರೈಟ್ ಮಾಡಿ" ಅಂದರೆ ನೀರು ಸುರಿದು ತಿಳಿ ಮಾಡುತ್ತಾರೆ. ತಿಳಿಯಾಗುವುದು ವ್ಯಾಲ್ಯೂ ಅಂದರೆ ತಿಳಿ-ಕಡುವಿನ ಮಟ್ಟ, ತೀವ್ರತೆ ಏರುವುದು ಕ್ರೋಮಾ, ಅವೆರಡು ಬೇರೆ. ಅಮೆರಿಕದ ಕಲಾವಿದ ಮನ್ಸೆಲ್ ನೂರು ವರ್ಷಕ್ಕೂ ಹಿಂದೆ ಹ್ಯೂ (ಬಣ್ಣ ಯಾವುದು ಎಂಬುದು), ವ್ಯಾಲ್ಯೂ, ಕ್ರೋಮಾ ಎಂದು ಮೂರನ್ನೂ ಬೇರ್ಪಡಿಸಿಟ್ಟ. ನಾನು ಮೊದಲು ಮೊಬೈಲಿನಲ್ಲಿ ದೃಶ್ಯದ ಕಪ್ಪುಬಿಳುಪು ಫೋಟೋ ತೆಗೆದು ವ್ಯಾಲ್ಯೂ ನೋಡುತ್ತೇನೆ. ಮಳೆ ಮೋಡದಡಿ ತೋಟ, ಬೇಲಿ, ಗುಡ್ಡ ಮೂರೂ ಹೆಚ್ಚುಕಡಿಮೆ ಒಂದೇ ಬೂದು, ಸಸಿಮಡಿ ಒಂದೇ ತಿಳಿ. ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಡುವೆ ಅರಿಶಿನದ ಹುಚ್ಚೂ ಹಿಡಿದಿತ್ತು. ಅರಿಶಿನದ ನೀರಿಗೆ ನೀಲಿ ಬೆರೆಸಿದರೆ ಎಂಥ ಹಸಿರು ಅಂತೀರಿ! ಕಿಟಕಿಯಲ್ಲಿಟ್ಟೆ, ಕೆಲವೇ ವಾರದಲ್ಲಿ ಬಿಸಿಲು ಹಳದಿಯನ್ನೆಲ್ಲ ತಿಂದು ನೀಲಿ ಉಳಿಸಿತು. ಸುಣ್ಣ ತಾಗಿದ ಕಡೆ ಕೆಂಪಾಯಿತು. ಮಾರುವ ಚಿತ್ರಕ್ಕೆ ಇದು ಬೇಡವೇ ಬೇಡ.

ಕೊನೆಗೆ ಹಸಿರಿಗೆ ಜೀವ ತಂದಿದ್ದು ಹಸಿರಲ್ಲ, ಪಕ್ಕದ ಮಣ್ಣು. ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಲ್ಲೇ ಇದನ್ನು ಬರೆದಿದ್ದ: ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಪಕ್ಕದ ಬಣ್ಣವೂ ನಿರ್ಧರಿಸುತ್ತದೆ. ಗದ್ದೆ ಅಂಚಿಗೆ ಜಂಬಿಟ್ಟಿಗೆ ಮಣ್ಣಿನ ಕೆಂಪು ಗೆರೆಯೊಂದು, ಬರ್ನ್ಟ್ ಸಿಯೆನ್ನಾಗೆ ಚೂರು ಮಜೆಂಟಾ ಸೇರಿಸಿ ಎಳೆದೆ. ಅದೇ ಸಸಿಮಡಿ ಎದ್ದು ಬಂತು.

ದೂರದ ಗುಡ್ಡದ ಮಂಜಿನ ಬೂದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಈ ಆರರಲ್ಲೇ ಬರುತ್ತದೆ, ಯಾವ ಎರಡು ಎನ್ನುವುದು ನನ್ನ ಹತ್ತಿರವೇ ಇರಲಿ.

ಒಳ್ಳೆ ದರ್ಜೆಯ ಟ್ಯೂಬಿಗೆ ನಾನು ಕೊಟ್ಟಿದ್ದು ಸರಾಸರಿ 400 ರೂಪಾಯಿ ಇರಬೇಕು. ಆರೂ ಸೇರಿ ಒಂದು ಮಳೆಗಾಲ ದಾಟಿಸುತ್ತವೆ, ಹಳದಿ ಮಾತ್ರ ಇನ್ನೊಂದು ತಂದಿಟ್ಟುಕೊಳ್ಳಿ.