ದೇವರ ಮನೆ ಪಟ ಮ್ಯೂಸಿಯಂ ಗೋಡೆಗೆ: ಎರವಲು ಕೊಡೋದು ಹೇಗೆ?

ನಿಮ್ಮೂರಿನ ಮ್ಯೂಸಿಯಂನೋರು ಬಂದು "ಊರಿನವರ ಮನೇಲಿರೋ ಚಿತ್ರಗಳದ್ದೇ ಒಂದು ಪ್ರದರ್ಶನ ಮಾಡ್ತಿದೀವಿ, ನಿಮ್ಮಲ್ಲೇನಾದ್ರೂ ಇದ್ರೆ ಕೊಡಿ" ಅಂದ್ರೆ ಖಂಡಿತ ಕೊಡಿ. ದೊಡ್ಡ ಮ್ಯೂಸಿಯಂಗಳಲ್ಲೂ ಯಾರದೋ ಮನೆಯಿಂದ ಬಂದ ಚಿತ್ರಗಳು ತುಂಬಾ ಇವೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಮ್ಯಾಪ್‌ನ ಬುಡ ಅಭಿಷೇಕ್ ಪೊದ್ದಾರ್ ಅವರ ಸ್ವಂತ ಸಂಗ್ರಹ, ಚಿತ್ರಕಲಾ ಪರಿಷತ್ತಿನಲ್ಲಿ ಎಚ್.ಕೆ. ಕೇಜ್ರಿವಾಲ್ ಕುಟುಂಬ ಕೊಟ್ಟ ಚಿತ್ರಗಳಿವೆ. ಅವರು ಕೊಟ್ಟಿದ್ದು ಖಾಯಂ ಆಗಿ. ನಾವು ಕೊಡೋದು ಎರಡ್ಮೂರು ತಿಂಗಳ ಎರವಲು, ಅದಕ್ಕೆ ತಯಾರಿ ಬೇರೆ.

ಮೊದಲನೇ ಕೆಲಸ, ಏನೂ ಮಾಡದೇ ಇರೋದು. ಹೊರಗಡೆ ಕೊಡ್ತೀವಿ ಅಂತ ಪಟ ಇಳಿಸಿ ಒದ್ದೆ ಬಟ್ಟೆಲಿ ಒರೆಸೋಕೆ ಹೋಗ್ಬೇಡಿ. ಮೈಸೂರು ಶೈಲಿ ಚಿತ್ರದಲ್ಲಿ ದೇವರ ಒಡವೆ, ಕಿರೀಟ, ಸೆರಗಿನ ಅಂಚು ಸ್ವಲ್ಪ ಉಬ್ಬಿರುತ್ತಲ್ಲ, ಅದು ಗೆಸ್ಸೊ ಕೆಲಸ, ಸಫೇದ ಅನ್ನೋ ಬಿಳಿ ಪುಡಿನ ಅಂಟಿನ ಜೊತೆ ಕಲಸಿ ಕುಂಚದಲ್ಲಿ ಎಳೆದು ಅದರ ಮೇಲೆ ತೆಳ್ಳಗಿನ ಚಿನ್ನದ ರೇಕು ಕೂರಿಸಿರ್ತಾರೆ. ನೀರು ತಾಗಿದ್ರೆ ಆ ಅಂಟು ಬಿಡುತ್ತೆ, ಚಿನ್ನ ಬಟ್ಟೆಗೇ ಬಂದುಬಿಡುತ್ತೆ. ಊದ್ಬತ್ತಿ, ದೀಪದ ಹೊಗೆ ಕೂತು ಕಪ್ಪಾಗಿದ್ರೂ ಹಾಗೇ ಇರ್ಲಿ, ಬಿಡಿಸೋದು ಕನ್ಸರ್ವೇಟರ್, ಅಂದ್ರೆ ಹಳೇ ಚಿತ್ರ ಸರಿಮಾಡೋ ತಜ್ಞರ ಕೆಲಸ.

ಆಮೇಲೆ ಫೋನಲ್ಲಿ ಫೋಟೋ ತೆಗೀರಿ: ಮುಂದೆ, ಹಿಂದೆ, ನಾಲ್ಕು ಮೂಲೆ, ಬಿರುಕು ಬಿಟ್ಟಿರೋ ಜಾಗ, ಹುಳ ತಿಂದಿರೋ ಜಾಗ, ಎಲ್ಲಾ ಹಗಲು ಬೆಳಕಲ್ಲಿ. ನಾನಿದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ನಮ್ಮಜ್ಜಿ ಮನೆಯ ರಾಮ ಪಟ್ಟಾಭಿಷೇಕದ ಪಟನ ನಮ್ಮ ಸೋದರಮಾವ ಒಂದು ಪ್ರದರ್ಶನಕ್ಕೆ ಬರೀ ಬಾಯಿಮಾತಲ್ಲಿ ಕೊಟ್ಟಿದ್ರು, ವಾಪಸ್ ಬಂದಾಗ ಸೀತಮ್ಮನ ಸೆರಗಿನ ಅಂಚಲ್ಲಿ ಹೆಬ್ಬೆರಳಗಲ ಚಿನ್ನ ಇರ್ಲಿಲ್ಲ. ಮೊದಲೇ ಹೀಗಿತ್ತು ಅಂದ್ರು ಪ್ರದರ್ಶನದೋರು. ಹಾಗಿರ್ಲಿಲ್ಲ ಅಂತ ತೋರಿಸೋಕೆ ನಮ್ಮತ್ರ ಒಂದು ಫೋಟೋನೂ ಇರ್ಲಿಲ್ಲ. ಅಜ್ಜಿ ಏನೂ ಅನ್ಲಿಲ್ಲ, ದಿನಾ ಹೂ ಇಡುವಾಗ ಆ ಜಾಗಕ್ಕೇ ಒಂದು ದಳ ಸಿಗಿಸ್ತಿದ್ರು.

ಫೋಟೋ ತೆಗೆಯುವಾಗ ಹಿಂಬದಿನೂ ಅಂಚನ್ನೂ ಸರಿಯಾಗಿ ಓದಿ. ಫ್ರೇಮ್ ಅಂಗಡಿಯ ಚೀಟಿ, ಪೆನ್ಸಿಲ್ಲಲ್ಲಿ ಬರೆದ ಇಸವಿ ಏನಾದ್ರೂ ಸಿಗಬಹುದು. ಲಕ್ಷ್ಮಿ ಸರಸ್ವತಿ ಅಚ್ಚಿನ ಪಟ ಆಗಿದ್ರೆ ಕೆಳಗಡೆ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಹುಡುಕಿ. ರವಿವರ್ಮ ಪ್ರೆಸ್ 1894ರಲ್ಲಿ ಬೊಂಬಾಯಲ್ಲಿ ಶುರುವಾಗಿ ಆಮೇಲೆ ಲೋನಾವಳ ಕಡೆಗೆ ಹೋಯ್ತು, ಆದ್ರಿಂದ ಅಂಚಲ್ಲಿರೋ ಊರಿನ ಹೆಸರಿಂದಾನೇ ಪಟದ ಕಾಲ ಸುಮಾರಾಗಿ ಗೊತ್ತಾಗುತ್ತೆ. ಕೆಲವು ಮನೆಗಳಲ್ಲಿ ಅಂಥ ಪಟದ ಸೀರೆಗೆ ಹೆಂಗಸರು ಜರಿ, ಚಮಕಿ ಹೊಲಿದಿರ್ತಾರೆ. ಅದನ್ನ ಕಿತ್ತುಹಾಕ್ಬೇಡಿ, ನನಗಂತೂ ಅಚ್ಚಿಗಿಂತ ಆ ಹೊಲಿಗೆನೇ ಹೆಚ್ಚು. ಅದು ನಿಮ್ಮ ಮನೆಯವರ ಕೈ.

ಇನ್ನು ಕತೆ. ಪಟ ಯಾರು ತಂದಿದ್ದು, ಯಾವ ಮದುವೆಗೆ ಬಂತು, ಯಾವ ಗೋಡೆಲಿತ್ತು ಅಂತ ಮನೆಯ ಹಿರಿಯರನ್ನ ಕೂರಿಸಿ ರೆಕಾರ್ಡ್ ಮಾಡ್ಕೊಳ್ಳಿ, ಅರ್ಧ ಪುಟ ಬರೆದು ಪಟದ ಜೊತೆ ಕೊಡಿ. ಅದಿಲ್ಲದಿದ್ರೆ ಗೋಡೆ ಮೇಲೆ "ಲಕ್ಷ್ಮಿ, ಕಾಗದದ ಮೇಲೆ ಮುದ್ರಣ" ಅಂತಷ್ಟೇ ಚೀಟಿ ಇರುತ್ತೆ.

ಕೈಯಲ್ಲಿ ಬರೆದ ಚಿತ್ರ ನೂರು ವರ್ಷಕ್ಕಿಂತ ಹಳೇದು ಅನ್ಸಿದ್ರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೋಂದಣಿ ಆಗಿರ್ಬೇಕು, ಮ್ಯೂಸಿಯಂನೋರನ್ನೇ ಕೇಳಿ, ದಾರಿ ಹೇಳ್ತಾರೆ.

ಮುಖ್ಯವಾದ್ದು ಎರವಲು ಪತ್ರ. ಯಾವ ದಿನ ತಗೊಂಡ್ರು, ಯಾವ ದಿನ ವಾಪಸ್, ಈಗ ಪಟದ ಸ್ಥಿತಿ ಹೇಗಿದೆ, ವಿಮೆ ಎಷ್ಟಕ್ಕೆ, ಫೋಟೋ ಎಲ್ಲೆಲ್ಲಿ ಹಾಕ್ತಾರೆ, ಇಷ್ಟೂ ಅದರಲ್ಲಿರ್ಲಿ. ವಿಮೆ ನಿಮ್ಮ ಗೋಡೆಯಿಂದ ಇಳಿಸಿದ ಗಳಿಗೆಯಿಂದ ಮತ್ತೆ ನಿಮ್ಮ ಗೋಡೆಗೆ ಏರೋವರೆಗೂ ಇರ್ಬೇಕು, ದಾರೀಲಿ ಆಗೋ ಅನಾಹುತನೂ ಸೇರಿಸಿ. ಮನೆ ಹೆಸರು ಹಾಕೋದು ಬೇಡ ಅಂದ್ರೆ "ಖಾಸಗಿ ಸಂಗ್ರಹ" ಅಂತ ಬರೀತಾರೆ, ಸಂಕೋಚ ಬೇಡ. ಬೆಳಕಿನ ಬಗ್ಗೆನೂ ಕೇಳಿ: ಕಾಗದದ ಮೇಲಿನ ಜಲವರ್ಣ, ಅಚ್ಚಿನ ಪಟಕ್ಕೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಸಾಕು, ತೈಲಚಿತ್ರ 200ರವರೆಗೂ ತಡಿಯುತ್ತೆ. ಒಮ್ಮೆ ಮಾಸಿದ ಬಣ್ಣ ವಾಪಸ್ ಬರಲ್ಲ.

ಸಾಗಿಸುವಾಗ ಗಾಜಿನ ಮೇಲೆ ಅಡ್ಡಡ್ಡ ಮಾಸ್ಕಿಂಗ್ ಟೇಪ್ ಹಚ್ಚಿ, ಒಡೆದ್ರೂ ಚೂರು ಚಿತ್ರದ ಮೇಲೆ ಬೀಳಲ್ಲ. ಗಾಜಿಲ್ಲದ ಚಿತ್ರಕ್ಕೆ ಬಬಲ್ ರ‍್ಯಾಪ್ ನೇರವಾಗಿ ಸುತ್ತಬೇಡಿ. ಬಣ್ಣ ಉದುರ್ತಿದ್ರೆ ಮುಖ ಮೇಲೆ ಮಾಡಿ ಮಲಗಿಸಿಯೇ ತಗೊಂಡು ಹೋಗ್ಬೇಕು.

ದಿನಾ ಪೂಜೆ ಮಾಡೋ ಪಟ ಆದ್ರೆ ಮನೇಲಿ ಎಲ್ಲರೂ ಒಪ್ಪಿದ ಮೇಲೇ ಇಳಿಸಿ, ಹಿರಿಯರಿಗೆ ಬೇಜಾರಾಗೋದಾದ್ರೆ ಬೇರೆ ಪಟ ಕೊಡಿ.

ವಾಪಸ್ ಬಂದ ದಿನ ಅವಸರದಲ್ಲಿ ಸಹಿ ಹಾಕ್ಬೇಡಿ. ತಂದವರನ್ನ ಕೂರಿಸಿ ಕಾಫಿ ಕೊಟ್ಟು, ಅವರ ಎದುರೇ ಬಿಚ್ಚಿ, ಫೋನಿನ ಫೋಟೋ ಪಕ್ಕದಲ್ಲಿಟ್ಕೊಂಡು ಮೂಲೆ ಮೂಲೆ ನೋಡಿ, ಸರಿಯಿದ್ರೆ ಸಹಿ ಹಾಕಿ. ಆಮೇಲೆ ಪಟನ ಮೊಳೆಗೆ ಹಾಕುವಾಗ ದೀಪದ ನೆತ್ತಿ ಬಿಟ್ಟು ಎರಡಡಿ ಪಕ್ಕಕ್ಕೆ ಹಾಕಿ.